ಸಿಸಿಲಿಯಲ್ಲೊಂದು ಸೀಟು

ಬೋಲ್ಸ್‌ವರ್ಡ್, ಫ್ರೀಸ್‌ಲ್ಯಾಂಡ್
ಜನವರಿ ೪, ೧೯೯೩, ಸೋಮವಾರ

ಪ್ರೀತಿಯ ನೀಂಕೆ,

ಹೇಗಿದ್ದೀಯ ತಂಗಿ? ಮಂಡಿನೋವು ಕಡಿಮೆಯಾಯಿತಾ? ನಿನ್ನ ಗಂಡ ರಿನ್ಸೆಯ ಕೆಮ್ಮು ನಿಂತಿತಾ? ನಿಲ್ಲದೆ ಏನು, ಸೆಪ್ಟೆಂಬರಿನಿಂದ ಬಿಸಿಲಿಗೆ ಮೈಯೊಡ್ಡಿ ಕೂತ ಗಂಡಸಿಗೆ ಕೆಮ್ಮುವುದಕ್ಕೆ ಪುರುಸೊತ್ತಾದರೂ ಎಲ್ಲಿರುತ್ತದೆ. ನಾವಿಲ್ಲಿ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂದರೆ, ನನ್ನ ಮೂಗು ಸೋರುತ್ತಿದೆ, ಹಿತ್ತಲಿನ ನಲ್ಲಿ ಹೆಪ್ಪುಗಟ್ಟಿದೆ, ನಿನ್ನ ಭಾವ ಡೌವೆ ಬೆಳಗಿನಿಂದ ಕಾಲುವೆ ದಂಡೆಯಲ್ಲಿ ನಿಂತಿದ್ದಾರೆ. ನಿನ್ನ ಮನೆಯ ಕಿಟಕಿಯ ಗಿಡಗಳೂ ಚೆನ್ನಾಗಿವೆ. ದಿನಾ ಹೋಗಿ ನೀರು ಹಾಕುತ್ತೇನೆ. ಕೆಂಪು ಹೂವಿನದೊಂದು ಸತ್ತಿದೆ, ಅದಕ್ಕೆ ನಾನು ಕಾರಣಳಲ್ಲ.

ನಿನ್ನ ಕಾರ್ಡು ತಲುಪಿತು. "ಇವತ್ತು ಏನೂ ಮಾಡ್ಲಿಲ್ಲ ಅಕ್ಕಾ. ಬೆಳಿಗ್ಗೆ ಕಾಫಿಗೆ ಅಂತ ಕೂತೋರು ಮಧ್ಯಾಹ್ನ ಎದ್ವಿ" ಎಂದು ಬರೆದಿದ್ದೀಯಲ್ಲ, ಅದನ್ನು ಬರೆಯುವುದಕ್ಕೆ ಅಂಚೆಚೀಟಿ ಬೇರೆ ದಂಡ ಮಾಡಿದೆಯಾ? ಪೋರ್ಚುಗಲ್‌ನಲ್ಲಿ ಒಂದು ತಿಂಗಳು ಮೀನು ತಿಂದಿರಿ. ಸ್ಪೇನ್‌ನಲ್ಲಿ ಊರು ಚೆನ್ನಾಗಿದೆ ಎಂದು ಮೂರು ವಾರ ಅಲ್ಲೇ ಉಳಿದಿರಿ. ಈಗ ಸಿಸಿಲಿಯ ಸಿರಾಕ್ಯೂಸಾದಲ್ಲಿ ಸಮುದ್ರದ ಪಕ್ಕ ವ್ಯಾನ್ ನಿಲ್ಲಿಸಿಕೊಂಡು, ಬಾಗಿಲು ತೆರೆದು ಕೈಚಾಚಿದರೆ ಕಿತ್ತಳೆ ಸಿಗುತ್ತದೆ ಎನ್ನುತ್ತೀಯ. ನನಗೆ ಹೊಟ್ಟೆ ಉರಿಯುತ್ತದೆ ನೀಂಕೆ. ಸುತ್ತಿಬಳಸಿ ಹೇಳುವವಳಲ್ಲ ನಾನು. ಕಾರ್ಡನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದೆ, ಮೂರನೇ ದಿನ ಕಿತ್ತು ಡ್ರಾಯರಿಗೆ ಹಾಕಿದೆ. ಬಟಾಣಿ ಸೂಪು ಕಲಕುವವಳ ಕಣ್ಣೆದುರಿಗೆ ಆ ನೀಲಿ ಸಮುದ್ರ ಇರಬಾರದು.

ಇನ್ನು ನಿನ್ನ ಹುಟ್ಟುಹಬ್ಬದ ಕತೆ ಕೇಳು. ನೀನು ಊರಲ್ಲಿಲ್ಲ ಎಂದರೆ ನಮ್ಮ ಜನ ಬಿಡುತ್ತಾರೆಯೇ? ಹುಟ್ಟಿದವಳು ಇಲ್ಲದಿದ್ದರೆ ಒಡಹುಟ್ಟಿದವಳಾದರೂ ಇದ್ದಾಳಲ್ಲ ಎಂದು ಎಲ್ಲರೂ ನನ್ನ ಮನೆಗೇ ಬಂದರು. ಗೋಡೆಗುಂಟ ಕುರ್ಚಿ ಹಾಕಿ ಸುತ್ತ ಕೂತರು. ಒಬ್ಬೊಬ್ಬರಾಗಿ ಎದ್ದು ನನ್ನ ಕೈ ಕುಲುಕಿ, "ಹಿಸ್ಕೆ, ನಿನ್ನ ತಂಗಿ ಹುಟ್ಟಿದ್ದಕ್ಕೆ ನಿನಗೆ ಅಭಿನಂದನೆ" ಎಂದರು. ಬೌಕೆ ಚಿಕ್ಕಮ್ಮ ಎರಡು ಸಲ ಕುಲುಕಿ, "ಅವಳು ಪುಣ್ಯವಂತೆ ಕಣೇ, ಕರೆದಲ್ಲಿಗೆಲ್ಲ ಗಂಡ ಬರ್ತಾನೆ. ನಿನ್ನ ಗಂಡ ಎಲ್ಲಿ, ಕಾಲುವೆ ಹತ್ರಾನಾ?" ಎಂದಳು. ನೀನು ಬಿಸಿಲಲ್ಲಿ ಬಿದ್ದುಕೊಂಡಿರು, ನಾನು ಕೇಕು ಮಾಡಿ, ಕಾಫಿ ಸುರಿದು, ನೀನು ಹುಟ್ಟಿದ್ದಕ್ಕೆ ಹಲ್ಲು ಕಿರಿದು ಥ್ಯಾಂಕ್ಸ್ ಹೇಳುತ್ತಿರುತ್ತೇನೆ.

ನಿನಗೆ ನೆನಪಿದೆಯಾ, ಡಿಸೆಂಬರಿನ ಹಬ್ಬಕ್ಕೆ ಅಮ್ಮ ನಮ್ಮ ಬೂಟಿನೊಳಗೆ ಒಂದೊಂದು ಕಿತ್ತಳೆ ಇಡುತ್ತಿದ್ದಳು. ಅದಕ್ಕೆ ತೆಳು ಕಾಗದ ಸುತ್ತಿರುತ್ತಿತ್ತು. ಕಾಗದದ ಮೇಲೆ ಸಿಸಿಲಿಯ ಹೊಗೆಯುಗುಳುವ ಬೆಟ್ಟ, ತಲೆಗೆ ಕೆಂಪು ವಸ್ತ್ರ ಕಟ್ಟಿದ ಹೆಂಗಸು. ನಾನು ಹಣ್ಣಿಗಿಂತ ಮೊದಲು ಕಾಗದ ಬಿಡಿಸಿ, ಉಗುರಿನಿಂದ ನೀವಿ, ಹಾಸಿಗೆ ಕೆಳಗೆ ಜೋಡಿಸಿಡುತ್ತಿದ್ದೆ. ನೀನು ನಿನ್ನ ಕಾಗದದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆ. "ಅದನ್ನೇನ್ ಮಾಡ್ತೀಯ, ಅಲ್ಲಿಗೇನು ಹೋಗ್ತೀಯಾ?" ಎಂದು ನಗುತ್ತಿದ್ದೆ. ಹೋಗೇ ಹೋಗುತ್ತೇನೆ ಎಂದಿದ್ದವಳು ನಾನು. ಹೋದವಳು ನೀನು. ಕಾಗದಗಳು ಇನ್ನೂ ನನ್ನ ಬಳಿಯೇ ಇವೆ.

ಯಾಕೆ ಹೋಗಲಿಲ್ಲ ಎಂದು ನಿನಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಹೊರಡೋಣ ಎಂದರೆ ನಿನ್ನ ಭಾವನಿಗೆ ಅಲ್ಲಿ ಸೆಕೆ. ಚಳಿಗಾಲದಲ್ಲಿ ಎಂದರೆ ಇಲ್ಲಿ ಮಂಜುಗಡ್ಡೆ. ಹನ್ನೊಂದು ಊರು ಸುತ್ತುವ ಸ್ಕೇಟಿಂಗ್ ಓಟ ಯಾವ ವರ್ಷ ನಡೆಯುತ್ತದೋ ಯಾರಿಗೂ ಗೊತ್ತಿಲ್ಲ, ಕಾಲುವೆಗಳೆಲ್ಲ ಗಟ್ಟಿಯಾಗಿ ಹೆಪ್ಪುಗಟ್ಟಿದ ವರ್ಷ ಮಾತ್ರ. "ನಾವು ಬಿಸಿಲು ಹುಡುಕ್ಕೊಂಡು ಹೋದ ವರ್ಷಾನೇ ಓಟ ಇಟ್ಬಿಟ್ರೆ ಏನೇ ಮಾಡೋದು?" ಎನ್ನುತ್ತಾರೆ. ಎಂಬತ್ತಾರರಲ್ಲಿ ಅವರೂ ರಿನ್ಸೆಯೂ ಒಟ್ಟಿಗೆ ಹೊರಟರಲ್ಲ, ರಿನ್ಸೆ ಮುಗಿಸಿ ಪದಕ ತಂದ. ಇವರು ಕೊನೆಕೊನೆಯ ಊರು ಮುಟ್ಟುವಾಗ ಹೊತ್ತು ಮೀರಿ, ಮುಂದೆ ಬಿಡಲಿಲ್ಲ. ಅವತ್ತಿನಿಂದ ಪ್ರತಿ ಚಳಿಗಾಲ ಸ್ಕೇಟಿಗೆ ಎಣ್ಣೆ ಹಚ್ಚಿ ಕೂರುತ್ತಾರೆ. ನಿನ್ನ ಸೋಫಾದ ಮೇಲೆ ನೇತುಹಾಕಿರುವ ಆ ಪದಕದ ಧೂಳನ್ನು ಒರೆಸುವವಳು ನಾನೇ. ಒರೆಸುವಾಗ ಅವರಿಗಾಗಿ ಸಂಕಟವಾಗುತ್ತದೆ, ನನಗಾಗಿ ಸಿಟ್ಟು ಬರುತ್ತದೆ.

ಈಗ ರಿನ್ಸೆಗೆ ಬೇಕಾದ ಸುದ್ದಿ. ಇಲ್ಲಿ ಚಳಿ ಬಿದ್ದಿದೆ ಎಂದು ರೇಡಿಯೋದಲ್ಲಿ ಕೇಳಿದಾಗಿನಿಂದ ಅವನು ಮುಖ ಊದಿಸಿಕೊಂಡಿದ್ದಾನೆ, ಕಿತ್ತಳೆಯೂ ರುಚಿಸುತ್ತಿಲ್ಲ, "ಭಾವ ಒಬ್ರೇ ಓಡಿ ಪದಕ ತಗೊಂಡ್ಬಿಡ್ತಾರೆ" ಎಂದು ಗೊಣಗುತ್ತಾನೆ ಎಂದು ಬರೆದಿದ್ದೀಯ. ಇದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳು. ರಿನ್ಸೆ, ಇಲ್ಲಿ ಎಂಥ ಮಂಜುಗಡ್ಡೆ ಗೊತ್ತಾ! ಕಾಲುವೆಯ ಮೇಲೆ ಕುದುರೆ ಗಾಡಿ ಓಡಿಸಬಹುದು. ಬೇಕರಿಯಲ್ಲಿ, ಚರ್ಚಿನಲ್ಲಿ ಎಲ್ಲೆಲ್ಲೂ ಅದೇ ಮಾತು. ನಿನ್ನ ಭಾವ, "ಈ ಸಲ ಆಗೇ ಆಗುತ್ತೆ" ಎನ್ನುತ್ತಿದ್ದಾರೆ. ನಂಬಿಕೆ ಇಲ್ಲದಿದ್ದರೆ ಫೋನ್ ಮಾಡಿ ಅವರನ್ನೇ ಕೇಳು. ನಿನ್ನ ಸ್ಕೇಟುಗಳನ್ನೂ ಒರೆಸಿ ಇಟ್ಟಿದ್ದೇನೆ.

ಇಬ್ಬರೂ ನೂರು ಕಾಲ ಸುಖವಾಗಿರಿ. ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೋ, ಚಿಕ್ಕಂದಿನಿಂದಲೂ ನಿನಗೆ ಬೇಗ ತಲೆನೋವು ಬರುತ್ತದೆ. ನಿನ್ನ ಭಾವ ನೆನಪು ಹೇಳಿದ್ದಾರೆ. ಹೇಳಿಲ್ಲ, ದಂಡೆಯಿಂದ ಇನ್ನೂ ಬಂದಿಲ್ಲ. ಬಂದರೆ ಹೇಳಿಯೇ ಹೇಳುತ್ತಾರೆ.

ನಿನ್ನ ಅಕ್ಕ,
ಹಿಸ್ಕೆ

ಮರೆತಿದ್ದೆ: ಈ ಹಾಳೆಯನ್ನು ಬೇರೆಯಾಗಿ ಮಡಿಸಿದ್ದೇನೆ, ರಿನ್ಸೆಗೆ ಓದಬೇಡ. ಮಂಜುಗಡ್ಡೆ ಏನೂ ಇಲ್ಲ ಕಣೇ, ನೀರಿನ ಮೇಲೆ ಬರೀ ಕೆನೆಯಂಥ ಪದರ. ಬೆಳಿಗ್ಗೆ ಎದುರುಮನೆಯ ನಾಯಿ ಕಾಲಿಟ್ಟದ್ದೇ ತಡ, ಹೊಟ್ಟೆಯವರೆಗೆ ಒದ್ದೆಯಾಗಿ ಎದ್ದು ಬಂತು. ಈ ವಾರವೇ ಮಳೆಯಂತೆ. ಆದರೂ ರಿನ್ಸೆ ಫೋನ್ ಮಾಡಿದರೆ ನಿನ್ನ ಭಾವ ಆಗೇ ಆಗುತ್ತೆ ಎಂದೇ ಹೇಳುತ್ತಾರೆ, ಅವರು ಪ್ರತಿ ವರ್ಷ ಹೇಳುವುದೇ ಅದು. ರೇಡಿಯೋದ ಬ್ಯಾಟರಿ ತೆಗೆದು ಕಿತ್ತಳೆ ಬುಟ್ಟಿಯ ತಳದಲ್ಲಿ ಹಾಕು. ಅವನು ವಿಮಾನ ಹತ್ತಿ ಇಲ್ಲಿಗೆ ಬಂದುಬಿಡಲಿ. ಒಂದು ಪಾತ್ರೆ ಸೂಪು ಮಾಡಿಟ್ಟಿರುತ್ತೇನೆ, ಇಬ್ಬರೂ ದಂಡೆಯಲ್ಲಿ ಕೂತು ನೀರು ನೋಡಲಿ, ಒಬ್ಬರಿಗೊಬ್ಬರು ಜೊತೆಯಾಗುತ್ತಾರೆ. ನಾನು ಹದಿನೆಂಟನೇ ತಾರೀಕಿನ ರೈಲಿಗೆ ಟಿಕೆಟ್ ತೆಗೆದುಕೊಂಡಾಗಿದೆ, ಹಿಟ್ಟಿನ ಡಬ್ಬದಲ್ಲಿದೆ. ನಿನ್ನ ಭಾವನಿಗೆ ಹಿಂದಿನ ದಿನ ಹೇಳುತ್ತೇನೆ. ಕೊನೆಯಲ್ಲಿ ರೈಲನ್ನೇ ಹಡಗಿಗೆ ಹತ್ತಿಸಿ ಸಿಸಿಲಿಗೆ ದಾಟಿಸುತ್ತಾರಂತೆ. ಹೇಗಿದ್ದರೂ ವ್ಯಾನ್ ಓಡಿಸುವವಳು ನೀನು, ರಿನ್ಸೆ ಪಕ್ಕದಲ್ಲಿ ಕೂತು ಸಿಪ್ಪೆ ಸುಲಿಯುತ್ತಾನೆ ಅಷ್ಟೇ. ಆ ಸೀಟು ನನ್ನದು. ಕಿತ್ತಳೆಯ ಕಾಗದಗಳನ್ನೂ ತರುತ್ತೇನೆ, ಆ ಬೆಟ್ಟ ನಿಜಕ್ಕೂ ಹಾಗೇ ಇದೆಯಾ ಎಂದು ಹಿಡಿದು ನೋಡಬೇಕು. ನೀನು ಮಾತ್ರ ಅವನ್ನು ಮುಟ್ಟುವ ಹಾಗಿಲ್ಲ. ಮೂಗು ಒರೆಸಿಕೊಂಡುಬಿಡುತ್ತೀಯ.