ಎರಡು ಗಂಟೆಯ ಅಡ್ಡಗೆರೆ

ಅಪ್ಪಾ,

ಇವತ್ತು ಒಂಬತ್ತನೇ ತರಗತಿಗೆ ಗ್ರಾಫ್ ಪಾಠ ಮಾಡಿದೆ. ಒಬ್ಬ ಮನೆಯಿಂದ ಹೊರಟು ಹದಿನೆಂಟು ಕಿಲೋಮೀಟರ್ ಹೋಗಿ ಮರಳುತ್ತಾನೆ. ನಡುವೆ ಎರಡು ಗಂಟೆ ಗೆರೆ ಏರದೆ ಇಳಿಯದೆ ಅಡ್ಡಲಾಗಿ ಸಾಗುತ್ತದೆ. "ಇಲ್ಲಿ ಏನು ಮಾಡ್ತಿದಾನೆ?" ಎಂದು ಕೇಳಿದೆ.

"ಯಾರಿಗೋ ಕಾಯ್ತಿದಾನೆ ಮಿಸ್. ಅವ್ರು ಬರ್ಲಿಲ್ಲ, ವಾಪಸ್ ಹೋದ," ಎಂದಳು ಹಿಂದಿನ ಬೆಂಚಿನ ಹುಡುಗಿ.

"ನಿಂತಿದಾನೆ ಅಂದ್ರೆ ಸಾಕು. ಯಾಕೆ ಅಂತ ಗ್ರಾಫ್ ಹೇಳಲ್ಲ," ಎಂದು ಅವಳನ್ನು ಕೂರಿಸಿದೆ.

ನಾನು ಕಾಲೇಜಿನಲ್ಲಿದ್ದಾಗ, ನಾವು ಜಗಳವಾಡಿದ ಮರುವಾರ ನೀನು ನನ್ನ ಹಾಸ್ಟೆಲ್ಲಿಗೆ ಬಂದಿದ್ದೆ. ನಾನು ಹೊರಗೆ ಹೋಗಿದ್ದೇನೆಂದು ಗೆಳತಿ ಹೇಳಿದಾಗ, "ಬರ್ಲಿ ಬಿಡಮ್ಮ, ಕಾಯ್ತೀನಿ," ಎಂದು ನೀನು ಎರಡು ಗಂಟೆ ಗೇಟಿನ ಬಳಿ ನಿಂತಿದ್ದೆ. ಮರುತಿಂಗಳೇ ನೀನು ತೀರಿಕೊಂಡೆ.

ಪಾಠ ಮುಗಿದ ಮೇಲೆ ಹುಡುಗಿಯನ್ನು ಕರೆದು, ಅವಳ ಉತ್ತರವೂ ಸರಿ ಎಂದೆ.

"ನಿಮಗೆ ಹೇಗೆ ಗೊತ್ತು ಮಿಸ್?"

ಅಪ್ಪಾ, ಆ ದಿನ ನಾನು ಹಾಸ್ಟೆಲ್ಲಿನ ಮೇಲಿನ ಕಿಟಕಿಯಿಂದ ನಿನ್ನನ್ನೇ ನೋಡುತ್ತಿದ್ದೆ.