ಅವನಿಗೆ ಕೊಡದ ನೀರು

ಅಕ್ಟೋಬರ್ ೨೬, ಭಾನುವಾರ

ಅಕ್ಕಾ,

ನಿನ್ನ ಕಾಗದ ಬಂದು ವಾರಗಳೇ ಆದವು. ತಡವಾದದ್ದಕ್ಕೆ ಕ್ಷಮೆ ಕೇಳಬೇಕು. ಕೇಳಿದೆ ಅಂತಲೇ ಇಟ್ಟುಕೋ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಈವತ್ತೂ ಬೈಗುಳ ಕಡಿಮೆಯಾಗಿಲ್ಲ, ಹರಿಯಲು ಕಾಗದ ಉಳಿದಿಲ್ಲ ಅಷ್ಟೇ.

ಭಾವನ ಬೆನ್ನುನೋವು ಕಡಿಮೆಯಾಯಿತಂತೆ, ಸಂತೋಷ. ನಿನ್ನ ಮಗಳು ಹಿಂದಿನಿಂದ ಯಾರೂ ಹಿಡಿಯದೆ ಸೈಕಲ್ ಹೊಡೆದಳಂತೆ, ಇನ್ನೂ ಸಂತೋಷ. ಈ ಎರಡು ಸುದ್ದಿ ಬಿಟ್ಟರೆ ನಿನ್ನ ಕಾಗದದ ತುಂಬ ನನ್ನ ಗಂಡನೇ. ಅವನು ಸೊರಗಿ ಕಡ್ಡಿಯಾಗಿದ್ದಾನೆ. ನಿನ್ನ ಅಡುಗೆಮನೆಯ ಸೋರುವ ನಲ್ಲಿ ಸರಿಮಾಡಿಕೊಟ್ಟ. ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಾನೆ. “ಇಂಥಾ ಗಂಡನ್ನ ಬಿಟ್ಟು ಎಲ್ಲೋ ಹೋಗಿ ಕೂತಿದೀಯಲ್ಲ, ನಿಂಗೆ ಕರುಳು ಅನ್ನೋದು ಇದೆಯಾ?” ಎಂದು ಕೇಳಿದ್ದೀಯ. ಮದುವೆಗೆ ಮುಂಚೆ ನಾನು ಮಲಗುತ್ತಿದ್ದ ಕೋಣೆಯನ್ನೇ ಅವನಿಗೆ ಬಿಟ್ಟುಕೊಟ್ಟಿದ್ದೀಯಂತೆ. ಆ ಕಿಟಕಿಯ ಚಿಲಕ ಸಡಿಲ, ಅದನ್ನೂ ಅವನ ಕೈಲೇ ಬಿಗಿ ಮಾಡಿಸಿಕೋ. ಬಿಗಿ ಮಾಡುವುದು, ಸಡಿಲ ಮಾಡುವುದು ಅವನಿಗೆ ಚೆನ್ನಾಗಿ ಬರುತ್ತದೆ.

ನಿನ್ನ ದೊಡ್ಡ ಪ್ರಶ್ನೆಗೆ ಬರುತ್ತೇನೆ. “ಬಾಯಾರಿ ಬಂದೋನಿಗೆ ನೀರು ಕೊಡದೆ, ಅವನ ಕಣ್ಣೆದುರೇ ನೀನು ಕುಡಿದ್ಯಂತೆ. ನಿಜಾನಾ?” ನಿಜ. ಒಂದು ಹನಿಯೂ ಸುಳ್ಳಲ್ಲ. ಯಾಕೆ ಅಂತ ಅವನು ಹೇಳಿರುವುದಿಲ್ಲ. ಹೇಳಿದ್ದರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಹೇಳಿರುತ್ತಾನೆ. ನಾನು ಒರಟಾಗಿ ಹೇಳುತ್ತೇನೆ, ಕೂತು ಓದು.

ಇಬ್ಬರೂ ಕೆಲಸಕ್ಕೆ ವರ್ಷದ ರಜೆ ಹಾಕಿ ಹೊರಟದ್ದು ನಿನಗೆ ಗೊತ್ತು. ಅವನು ದಿನವಿಡೀ ಲಿಫ್ಟಿನ ಗುಂಡಿಯೊಳಗೆ ಗ್ರೀಸು ಬಳಿಯುವವನು, ನಾನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ಗುಡ್ಡದ ಮೇಲೆ ಸೈಕಲ್ ಹೊಡೆಯುವುದೊಂದೇ ಇಬ್ಬರಿಗೂ ಸಿಗುತ್ತಿದ್ದ ಗಾಳಿ. “ಇನ್ನು ನಾಲ್ಕು ವರ್ಷ ಆದ್ರೆ ಮಂಡಿ ಮಾತು ಕೇಳಲ್ಲ ಕಣೇ. ಒಂದೇ ಒಂದು ಸೀಸನ್, ಎಲ್ಲಾ ರೇಸೂ ಓಡಿಸಿಬಿಡೋಣ,” ಎಂದವನು ಅವನೇ. ಹಳೆಯ ವ್ಯಾನಿನ ಹಿಂಭಾಗಕ್ಕೆ ಹಲಗೆ ಹೊಡೆದು ಹಾಸಿಗೆ ಮಾಡಿದೆವು. ಸೈಕಲ್ಲುಗಳು ನಮ್ಮ ಕಾಲುಗಳ ಮೇಲೆ ತೂಗುತ್ತಿದ್ದವು. ಮಗ್ಗುಲಾದರೆ ಪೆಡಲು ಮೊಣಕಾಲಿಗೆ ಬಡಿಯುತ್ತಿತ್ತು. ಒಗೆದ ಚಡ್ಡಿಗಳನ್ನು ಹೊರಗಿನ ಕನ್ನಡಿಗಳಿಗೆ ಕಟ್ಟಿಕೊಂಡು ಊರಿಂದೂರಿಗೆ ಹೋಗುತ್ತಿದ್ದೆವು. ತಿನ್ನುವ ಬ್ರೆಡ್ಡಿನಲ್ಲೂ ಚೈನಿನ ಎಣ್ಣೆಯ ವಾಸನೆ.

ಮೊದಲ ಕೆಲವು ರೇಸುಗಳಲ್ಲಿ ನಾನು ಸುಖವಾಗಿದ್ದೆ. ಇಲ್ಲವೆಂದರೆ ಬಾಯಲ್ಲಿ ಹುಳ ಬಿದ್ದೀತು. ರೇಸಿನ ಹಿಂದಿನ ದಿನ ಅವನು ನನ್ನ ಜೊತೆ ದಾರಿಯುದ್ದಕ್ಕೂ ನಡೆಯುತ್ತಿದ್ದ. ಕೈಯಲ್ಲೊಂದು ಕೋಲು. “ಈ ಬೇರಿನ ಹತ್ರ ಬ್ರೇಕ್ ಮುಟ್ಬೇಡ, ಮುಟ್ಟಿದ್ಯೋ ಬಿದ್ದೆ.” ಅವನು ಹೇಳಿದಲ್ಲಿ ನಾನು ಮುಟ್ಟಲಿಲ್ಲ, ಬೀಳಲೂ ಇಲ್ಲ.

ಆಮೇಲೆ ನಾನು ಗೆಲ್ಲತೊಡಗಿದೆ. ನಾನು ಮಾಡಿದ ಮಹಾಪರಾಧ ಅದು. ಅವನು ಹದಿನಾಲ್ಕನೆಯವನೋ ಹದಿನೈದನೆಯವನೋ ಆಗಿ ಬರುತ್ತಿದ್ದ. ಒಂದು ಪೆಟ್ರೋಲ್ ಬಂಕಿನಲ್ಲಿ ಯಾರೋ ನನ್ನ ಗುರುತು ಹಿಡಿದು ಮಾತಾಡಿಸಿ, ಅವನ ಕಡೆ ತಿರುಗಿ, “ನೀವು ಮೇಡಂ ಡ್ರೈವರ್ರಾ?” ಎಂದರು. ನಾನು ನಕ್ಕುಬಿಟ್ಟೆ. ಮುಂದಿನ ಊರು ಮುಟ್ಟುವವರೆಗೂ ಅವನು ವ್ಯಾನಿನ ಗೇರನ್ನು ಕೀಳುವ ಹಾಗೆ ಎಳೆದೆಳೆದು ಬದಲಿಸಿದ. ಅಲ್ಲಿಂದ ದಾರಿ ನೋಡಲು ಜೊತೆಗೆ ಬರುವುದು ನಿಂತಿತು. ನನ್ನ ಸೈಕಲ್ಲಿಗೆ ಕೈ ಹಚ್ಚುವುದೂ ನಿಂತಿತು.

“ಗೆದ್ದೋರು ಅವರವರ ಚೈನು ಅವರವರೇ ಒರೆಸ್ಕೋಬೇಕು,” ಎಂದ.

“ಒರೆಸ್ಕೋತೀನಿ. ಬೇಕಾದ್ರೆ ನಿಂದೂ ಒರೆಸಿಕೊಡ್ತೀನಿ. ಆದ್ರೂ ನೀನು ಹತ್ತರೊಳಗೆ ಬರಲ್ಲ,” ಎಂದೆ.

ನಾನೇನೂ ಹಸುವಲ್ಲ. ಸಾಕಿದವಳು ನೀನು, ನಿನಗೆ ಹೇಳಬೇಕೇ.

ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗಾಯಿತು ನಮ್ಮ ವ್ಯಾನು. ಜಗಳವಿಲ್ಲದೆ ಇಬ್ಬರೂ ಸೇರಿ ಮಾಡುತ್ತಿದ್ದದ್ದು ಒಂದೇ ಕೆಲಸ, ಒಬ್ಬ ಹೆಂಗಸನ್ನು ಗೇಲಿ ಮಾಡುವುದು. ಇಡೀ ಸೀಸನ್ನಿನ ಅಂಕಪಟ್ಟಿಯಲ್ಲಿ ಮೊದಲನೆಯವಳು ಅವಳು, ಬೆನ್ನಿಗೇ ನಾನು. ಏರು ಹತ್ತುವಾಗ ಅವಳ ಉಸಿರು ಮರ ಕೊಯ್ದ ಹಾಗೆ ಕೇಳಿಸುತ್ತಿತ್ತು. ನಾವು ಅವಳಿಗೆ ಗರಗಸ ಎಂದು ಹೆಸರಿಟ್ಟಿದ್ದೆವು. ಕೆಲಸದಲ್ಲಿ ಹಲ್ಲಿನ ಡಾಕ್ಟರಂತೆ ಎಂದು ಗೊತ್ತಾದ ದಿನ ನಗು ತಡೆಯಲಾರದೆ ಅವನು ವ್ಯಾನು ಪಕ್ಕಕ್ಕೆ ನಿಲ್ಲಿಸಿದ್ದ. ನಾವು ಜೊತೆಯಾಗಿ ನಕ್ಕದ್ದು ಅದೇ ಕೊನೆ.

ಇನ್ನು ಬಿದ್ದ ದಿನದ ಮಾತು. ಹಿಂದಿನ ದಿನ ಪೂರ್ತಿ ಮಳೆ. ಅಂಥ ಉದ್ದದ ರೇಸುಗಳಲ್ಲಿ ಹೆಂಗಸರನ್ನು ಮೊದಲು ಬಿಡುತ್ತಾರೆ, ಗಂಡಸರನ್ನು ಸ್ವಲ್ಪ ಹೊತ್ತಿನ ಮೇಲೆ. ಚುರುಕಿನ ಗಂಡಸರು ಕೊನೆಯ ಇಳಿಜಾರಿನ ಹೊತ್ತಿಗೆ ನಮ್ಮನ್ನು ಹಿಡಿಯುತ್ತಾರೆ. ಹೆಂಗಸರಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ಗರಗಸದ ಸದ್ದು ಹಿಂದೆ ಎಲ್ಲೋ ದೂರದಲ್ಲಿತ್ತು. ಮರಗಳ ನಡುವಿನ ಇಳಿಜಾರಿನಲ್ಲಿ ಮುಂದಿನ ಚಕ್ರ ಎರಡು ಬೇರುಗಳ ಸಂದಿಗೆ ಸಿಕ್ಕಿಕೊಂಡಿತು. ಹ್ಯಾಂಡಲ್ಲಿನ ಮೇಲಿಂದ ಹಾರಿ ಭುಜದ ಮೇಲೆ ಬಿದ್ದೆ. ಒಣಕಡ್ಡಿ ಮುರಿದಂಥ ಸದ್ದು ಒಳಗಿನಿಂದಲೇ ಕೇಳಿಸಿತು. ಉಸಿರು ಎಳೆಯಲು ಆಗಲಿಲ್ಲ. ಕಿವಿಯೊಂದು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಮೊದಲು ಬಂದವನು ನನ್ನ ಗಂಡ. ಆ ದಿನ ಅವನು ಗಂಡಸರಲ್ಲಿ ಮೂರನೆಯ ಜಾಗದಲ್ಲಿದ್ದ, ಬೆನ್ನ ಹಿಂದೆಯೇ ಇಬ್ಬರು ಅಟ್ಟಿಸಿಕೊಂಡು ಬರುತ್ತಿದ್ದರು. ಅವನ ಹಿಂಚಕ್ರದ ಟಕಟಕ ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಕತ್ತು ಹೊರಳಿಸದೆ ಕಣ್ಣಷ್ಟೇ ಹೊರಳಿಸಿ ನೋಡಿದೆ. ಅವನ ಮೈಯೂ ಕೆಸರೇ, ಆದರೂ ನನಗೆ ಗುರುತು ಸಿಕ್ಕಿತು. ಅವನು ನಿಲ್ಲಲಿಲ್ಲ. ಪಕ್ಕದಿಂದ ದಾಟಿಕೊಂಡು ಹೋದ. ಹಿಂದಿದ್ದ ಇಬ್ಬರೂ ಹೋದರು.

ಆಮೇಲೆ ಗರಗಸ ಬಂತು. ಸೈಕಲ್ಲನ್ನು ಪೊದೆಗೆ ಎಸೆದು ನನ್ನ ಪಕ್ಕ ಕೆಸರಲ್ಲಿ ಕೂತಳು.

“ಏಳ್ಬೇಡಿ. ಕತ್ತು ಅಲ್ಲಾಡಿಸ್ಬೇಡಿ. ಬೆರಳು ಆಡಿಸಿ ನೋಡೋಣ.”

ಆಡಿಸಿದೆ. “ನೀವು ಹೋಗಿ, ನಿಮ್ಮ ಸೀಸನ್ ಹೋಗತ್ತೆ,” ಎಂದೆ.

“ಸೀಸನ್ನಿಗೇನು, ಹಲ್ಲಿನ ಹಾಗಾ? ಮುಂದಿನ ವರ್ಷ ಇನ್ನೊಂದು ಹುಟ್ಟತ್ತೆ,” ಎಂದಳು. ನಾನು ನಗಲು ಹೋಗಿ ನೋವಿಗೆ ಚೀರಿದೆ. ತನ್ನ ಕೋಟು ಬಿಚ್ಚಿ ನನಗೆ ಹೊದಿಸಿದಳು. ದಾಟಿ ಹೋಗುವ ಒಬ್ಬೊಬ್ಬ ಗಂಡಸನ್ನೂ ನಿಲ್ಲಿಸಿ, ಕೆಳಗೆ ಹೋಗಿ ಸುದ್ದಿ ಮುಟ್ಟಿಸಲು ಹೇಳಿದಳು. ನಿಲ್ಲದವರಿಗೆ ಅವಳು ಬೈದ ಬೈಗುಳ ಇಲ್ಲಿ ಬರೆದರೆ ಅಂಚೆಯವರು ಕಾಗದ ತಿರುಗಿಸಿ ಕಳಿಸುತ್ತಾರೆ. ಸ್ಟ್ರೆಚರ್ ಬರುವವರೆಗೂ ಕದಲಲಿಲ್ಲ. ಈ ವರ್ಷದ ಪಟ್ಟ ಅವಳ ಕೈತಪ್ಪಿದ್ದು ಅಲ್ಲಿ, ನನ್ನ ಪಕ್ಕದ ಕೆಸರಲ್ಲಿ.

ಗಂಡ ಆಸ್ಪತ್ರೆಗೆ ಬಂದದ್ದು ಬಹುಮಾನದ ಫೋಟೋ ತೆಗೆಸಿಕೊಂಡ ಮೇಲೆ. ಕೊರಳಲ್ಲಿ ಪದಕ ಹಾಗೇ ಇತ್ತು. “ಅಯ್ಯೋ, ಅದು ನೀನಂತ ಗೊತ್ತೇ ಆಗ್ಲಿಲ್ಲ ಕಣೇ! ಹೆಲ್ಮೆಟ್ಟು, ಮೈಯೆಲ್ಲ ಕೆಸರು... ಯಾರೋ ಅಂದ್ಕೊಂಡೆ,” ಎಂದು ಹಣೆ ಚಚ್ಚಿಕೊಂಡ. ಚಚ್ಚಿಕೊಳ್ಳುವಾಗ ಪದಕ ಮಂಚದ ಕಂಬಿಗೆ ತಗುಲಿ ಠಣ್ ಎಂದಿತು. ಆ ಸಂಜೆಯೇ ನಿನಗೆ ಫೋನ್ ಮಾಡಿದ್ದೆ, ನೆನಪಿದೆಯೇ? ಮೂಳೆ ಮುರಿದಿದೆ ಎಂದೆ. ನೀನು ಕೇಳಿದ ಮೊದಲ ಮಾತು: “ಅಯ್ಯೋ, ಅವನಿಗೆ ಊಟಕ್ಕೇನ್ ಮಾಡ್ತೀಯಾ?”

ಕೈಯನ್ನು ಕೊರಳಿಗೆ ಜೋಳಿಗೆಯ ಹಾಗೆ ಪಟ್ಟಿಯಲ್ಲಿ ತೂಗುಹಾಕಿಕೊಂಡೇ ಉಳಿದ ರೇಸುಗಳಿಗೂ ಅವನ ಜೊತೆ ಹೋದೆ. ಏರಿನ ತುದಿಯಲ್ಲಿ ನಿಂತು, ಓಡುವ ಸೈಕಲ್ಲಿನ ಮೇಲಿಂದ ಅವನು ಚಾಚುವ ಕೈಗೆ ನೀರಿನ ಬಾಟಲಿ ಕೊಡುವುದು ನನ್ನ ಕೆಲಸ. ಯಾಕೆ ಹೋದೆ ಎಂದು ಕೇಳುತ್ತೀಯ. ಅವನ ಬಾಯಿಂದ ತಾನಾಗಿಯೇ ಒಂದು ಮಾತು ಬರುತ್ತದೇನೋ ಎಂದು ಕಾಯುತ್ತಿದ್ದೆ. ಬಂದದ್ದು ಅದೇ ಗುರುತು ಸಿಗದ ಕಥೆ. ಊರಿಂದೂರಿಗೆ ಅದು ನುಣುಪಾಗುತ್ತಾ ಹೋಯಿತು. ಕೊನೆಯ ರೇಸಿನ ಹಿಂದಿನ ದಿನ, ಊಟದ ಡೇರೆಯಲ್ಲಿ, ಎಲ್ಲರೆದುರು ಗಟ್ಟಿಯಾಗಿ ಹೇಳಿದ: “ಹೆಂಡ್ತೀನೇ ದಾಟಿ ಪದಕ ಹೊಡೆದೋನು ಅಂದ್ರೆ ನಾನೊಬ್ಬನೇ ನೋಡಿ!” ಮೇಜು ಪೂರ್ತಿ ನಕ್ಕಿತು. ಅವನು ನನ್ನ ಕಡೆಗೂ ನೋಡಿದ, ನಾನೂ ನಗಲಿ ಎಂದು. ಗರಗಸ ಒಬ್ಬಳು ತಟ್ಟೆ ಎತ್ತಿಕೊಂಡು ಆಚೆ ಹೋದಳು.

ಮಾರನೆಯ ದಿನ ಸುಡು ಬಿಸಿಲು. ನಾನು ಬಿದ್ದಾಗಿನಿಂದ ಪ್ರತಿ ರೇಸಿನಲ್ಲೂ ಮೇಲೇರಿ, ಒಟ್ಟು ಅಂಕಗಳಲ್ಲಿ ಅವನು ಮೂರನೆಯವನಾಗಿದ್ದ. ಆ ಒಂದು ರೇಸು ನೆಟ್ಟಗೆ ಮುಗಿಸಿದ್ದರೆ ಸಾಕಿತ್ತು. ಏರು ಹತ್ತಿ ಬಂದ, ತುಟಿಯೆಲ್ಲ ಬಿಳಿ. “ನೀರು! ನೀರು!” ಎಂದು ಕೈ ಚಾಚಿದ. ನಾನು ಮುಚ್ಚಳ ತೆಗೆದು ಕುಡಿದೆ.

ಅವನು ಒಂದು ಕಾಲು ನೆಲಕ್ಕಿಟ್ಟು ನಿಂತೇಬಿಟ್ಟ. “ಏನ್ ಮಾಡ್ತಿದೀಯಾ ನೀನು?”

“ಗುರುತು ಸಿಗ್ಲಿಲ್ಲ,” ಎಂದೆ. “ಮುಖದ ತುಂಬ ಧೂಳು.”

ಉಳಿದದ್ದನ್ನೂ ಕುಡಿದೆ. ಅಷ್ಟು ಬಾಯಾರಿಕೆ ನನಗೇನೂ ಇರಲಿಲ್ಲ. ಅವನು ಹೋದ. ಇಳಿಜಾರು ಮುಗಿಯುವ ಹೊತ್ತಿಗೆ ತೊಡೆ ಹಿಡಿದುಕೊಂಡು, ಸೈಕಲ್ಲು ತಳ್ಳಿಕೊಂಡು ಬಂದನಂತೆ. ಎಲ್ಲ ಮುಗಿದು ನಾನು ಕೆಳಗೆ ಬಂದಾಗ ವ್ಯಾನು ಇರಲಿಲ್ಲ. ನನ್ನ ಚೀಲ, ನನ್ನ ಸೈಕಲ್ಲು ಹುಲ್ಲಿನ ಮೇಲಿದ್ದವು. ನೆಟ್ಟಗೆ ನಿನ್ನ ಮನೆಗೇ ಬಂದಿದ್ದಾನೆ. ನನ್ನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಇಲ್ಲಿಗೆ, ತನ್ನ ಊರಿಗೆ, ಕರೆತಂದವಳು ಗರಗಸ.

“ಗುರುತು ಸಿಗದೆ ಹೋದ್ರೆ ಅವನದೇನು ತಪ್ಪು?” ಎಂದು ಬರೆದಿದ್ದೀಯ. ಸರಿ, ಅದು ನಾನಲ್ಲ ಎಂದೇ ಇಟ್ಟುಕೋ, ಬೇರೆ ಯಾರೋ ಹೆಂಗಸು. ಮುರಿದು ಬಿದ್ದವರನ್ನು ಕಂಡರೆ ನಿಲ್ಲಬೇಕು. ರೇಸಿನ ನಿಯಮವೂ ಅದೇ, ಮನುಷ್ಯರ ನಿಯಮವೂ ಅದೇ. ಯಾರದೋ ಹೆಂಡತಿಯನ್ನು ಕೆಸರಲ್ಲಿ ಬಿಟ್ಟು ಹೋಗುವವನು ನಿನ್ನ ತಟ್ಟೆ ತೊಳೆದರೆ ನಿನಗೆ ದೇವರಂತೆ ಕಾಣುತ್ತಾನೆ. ಕಾಣಲಿ. ನಾನಂತೂ ಬರುವುದಿಲ್ಲ. ಈ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನನಗೊಂದು ಮಂಚವಿದೆ. ಗೋಡೆಯಾಚೆ ವಾರವೆಲ್ಲ ಹಲ್ಲು ಕೊರೆಯುವ ಸದ್ದು, ಈವತ್ತು ರಜೆಯಾದ್ದರಿಂದ ನಿಶ್ಶಬ್ದ. ಎರಡು ಬೀದಿ ಆಚೆ ಕನ್ನಡಕದಂಗಡಿಯಲ್ಲಿ ಕೆಲಸ ಸಿಕ್ಕಿದೆ. ಬೆಳಿಗ್ಗೆ ಡಾಕ್ಟರೂ ನಾನೂ ಗುಡ್ಡ ಹತ್ತುತ್ತೇವೆ. ಮುಂದಿನ ಸೀಸನ್ನಿನಲ್ಲಿ ಅವಳನ್ನು ಸೋಲಿಸುತ್ತೇನೆ ಎಂದು ಅವಳ ಮನೆಯ ಅನ್ನ ತಿಂದುಕೊಂಡೇ ಹೇಳಿದ್ದೇನೆ. “ಮೊದಲು ನಿಮ್ಮ ಕೊಳೆತ ದವಡೆಹಲ್ಲು ಕೀಳ್ತೀನಿ, ಆಮೇಲೆ ಮಾತಾಡೋಣ,” ಎನ್ನುತ್ತಾಳೆ.

ಭಾವನಿಗೆ ನಮಸ್ಕಾರ, ಭಾರ ಎತ್ತುವುದು ಬೇಡ ಎಂದು ಹೇಳು. ನಿನ್ನ ಮಗಳು ನೂರು ವರ್ಷ ಸೈಕಲ್ ಹೊಡೆಯಲಿ, ಅವಳ ಮೊಣಕಾಲು ಗಟ್ಟಿಯಾಗಿರಲಿ. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ನೀನು ತಣ್ಣಗಿರು ಎನ್ನದೆ ಕಾಗದ ಮುಗಿಸಲು ನನಗೆ ಬರುವುದಿಲ್ಲ. ತಣ್ಣಗಿರು.

ಇಂತಿ,
ನೀನು ಸಾಕಿದ ತಂಗಿ

ಮರುಬರಹ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಇದನ್ನು ಡಾಕ್ಟರಿಗೂ ಹೇಳಿಲ್ಲ. ನಾನು ಬಿದ್ದ ಜಾಗದಲ್ಲಿ ದಾರಿ ತೀರ ಕಿರಿದು, ನನ್ನ ಕಾಲು ಅಡ್ಡ ಚಾಚಿತ್ತು. ಅವನು ನಿಧಾನ ಮಾಡಲೇಬೇಕಾಯಿತು, ಮಾಡಿದ. ಹಿಂದಿನಿಂದ ಬರುವವರು ಗುರುತಿಲ್ಲದವರಿಗೆ “ದಾರಿ ಬಿಡಿ” ಎನ್ನುತ್ತಾರೆ. ಹೆಂಗಸಾದರೆ “ಸ್ವಲ್ಪ ಸರ್ಕೊಳ್ಳಿ ಮೇಡಂ” ಎನ್ನುತ್ತಾರೆ. ಎಷ್ಟೇ ಅವಸರವಿದ್ದರೂ ಹಾಗೇ. ಅವನು ಬಗ್ಗಿ ನನ್ನ ಮುಖ ನೋಡಿ, “ಕಾಲು ತೆಗಿಯೇ,” ಎಂದ. ಗುರುತಿಲ್ಲದ ಹೆಂಗಸಿಗೆ ಯಾವ ಗಂಡಸೂ “ತೆಗಿಯೇ” ಎನ್ನುವುದಿಲ್ಲ, ಅಕ್ಕ. ವ್ಯಾನಿನ ನೆಲ ಗುಡಿಸುವಾಗ, ನಾನು ಹಾಸಿಗೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರೆ ಅವನು ಹಾಗೇ ಅನ್ನುತ್ತಿದ್ದ, ಅದೇ ದನಿಯಲ್ಲಿ.

ನಾನು ತೆಗೆದೆ.