ಹದಿನೇಳನೆಯ ಗುಳಿ

ತಾರಾಂತೊ, ಹಳೆಯ ಊರು
೧೧ ಏಪ್ರಿಲ್ ೧೯೭೨

ಎಜಿದಿಯೋ,

ಪ್ರಿಯ ಎನ್ನಲೋ ಬೇಡವೋ ಎಂದು ಕಾಫಿ ಆರಿಹೋಗುವವರೆಗೂ ಯೋಚಿಸಿದೆ. ಕಡೆಗೆ ಬರೀ ಹೆಸರು ಸಾಕೆನಿಸಿತು. ಜೆನೊವಾದ ವಿಳಾಸ ಕೊಟ್ಟವಳು ನಿನ್ನ ತಂಗಿ ಅಸುಂತಾ. ಅವಳ ಮೇಲೆ ರೇಗಬೇಡ. ಒಂದು ಬುಟ್ಟಿ ಚಿಪ್ಪುಮೀನು ಮುಂದಿಟ್ಟರೆ ಅವಳು ಯಾರ ವಿಳಾಸವನ್ನಾದರೂ ಕೊಡುತ್ತಾಳೆ.

ನಾನು ಗೆದ್ದೆ. ಇದನ್ನು ಹೇಳುವುದಕ್ಕೇ ಒಂಬತ್ತು ವರ್ಷದ ಮೇಲೆ ನಿನಗೆ ಪತ್ರ.

ಮೊದಲು ಕಣ್ಣಿನ ವಿಷಯ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಹೋದವು. ಕಿಟಕಿ ಎಲ್ಲಿದೆ, ಗೋಡೆ ಎಲ್ಲಿದೆ ಎನ್ನುವಷ್ಟು ತಿಳಿಯುತ್ತದೆ, ಅದರಾಚೆಗೆ ಇಲ್ಲ. ಅಯ್ಯೋ ಪಾಪ ಎನ್ನಬೇಡ. ಸಣ್ಣ ಕಡಲ ಕೊಲ್ಲಿಯ ದಂಡೆಯಲ್ಲಿ ಈಗಲೂ ನನ್ನ ಅಂಗಡಿ ಇದೆ, ಚಿಪ್ಪು ಬಿಡಿಸುವುದರಲ್ಲಿ ಈಗಲೂ ನನ್ನ ಮುಂದೆ ಯಾರೂ ಇಲ್ಲ. ನಲವತ್ತು ವರ್ಷ ಆ ಕೆಲಸ ಮಾಡಿದ ಬೆರಳುಗಳಿಗೆ ಕಣ್ಣಿನ ಹಂಗು ಬೇಕಿಲ್ಲ.

ನಾಣ್ಯಗಳೂ ಇವೆ. ನೀನು ನನ್ನನ್ನು ಬಿಟ್ಟು ಹೋಗುವಾಗ ಬಾಗಿಲಲ್ಲಿ ನಿಂತು "ಆ ಗ್ರೀಕರ ಜೊತೇನೇ ಸಂಸಾರ ಮಾಡು" ಅಂದಿದ್ದೆಯಲ್ಲ, ಅದನ್ನೇ ಮಾಡಿದೆ. ಹೊಸ ಊರಿನ ಮನೆಗಳಿಗೆ ಪಾಯ ತೋಡುವಾಗ ಗಾರೆ ಕೆಲಸದ ನನ್ನಜ್ಜನ ಪಾಲಿಗೆ ಬಂದ ಹನ್ನೊಂದು, ನಾನು ಅಂಗಡಿಗಳಿಂದ ರಸೀದಿ ಸಮೇತ ತಂದ ಇಪ್ಪತ್ತಮೂರು. ಒಟ್ಟು ಮೂವತ್ತನಾಲ್ಕು ಬೆಳ್ಳಿ ನಾಣ್ಯ, ಎಲ್ಲವೂ ಇದೇ ಊರಿನವು, ಊರು ಗ್ರೀಕರದಾಗಿದ್ದ ಕಾಲದವು. ಒಂದು ಬದಿಗೆ ಡಾಲ್ಫಿನ್ ಮೇಲೆ ಕೂತ ಹುಡುಗ, ಇನ್ನೊಂದು ಬದಿಗೆ ಕುದುರೆ ಸವಾರ. ಸರಕಾರಿ ಪಟ್ಟಿಯಲ್ಲಿ ಒಂದೊಂದರ ತೂಕವೂ ಇದೆ. ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಕೈ ತೊಳೆದುಕೊಂಡು ಪೆಟ್ಟಿಗೆಯ ಗುಳಿಗಳಿಂದ ಒಂದೊಂದನ್ನೂ ತೆಗೆದು ಬೆರಳಿನಲ್ಲಿ ಮಾತಾಡಿಸುತ್ತೇನೆ. ಹುಚ್ಚು ಎಂದು ನೀನು ನಗಬಹುದು, ನಗು.

ಡಾಕ್ಟರ್ ಸೆಮೆರಾರೊ ನೆನಪಿದ್ದಾರಾ? ಹಲ್ಲಿನ ಡಾಕ್ಟರು, ನಾಣ್ಯಪ್ರಿಯರ ಕೂಟದ ಅಧ್ಯಕ್ಷರು. ಹೊಟ್ಟೆ ಮೊದಲು ಕೋಣೆಗೆ ಬರುತ್ತದೆ, ಡಾಕ್ಟರು ಆಮೇಲೆ ಬರುತ್ತಾರೆ. ಕೂಟದಲ್ಲಿ ಎಲ್ಲರೂ ಗಂಡಸರು, ಎಲ್ಲರೂ ಓದಿದವರು. ಹತ್ತು ವರ್ಷದಲ್ಲಿ ಮೂರು ಸಲ ಸದಸ್ಯಳಾಗಲು ಅರ್ಜಿ ಹಾಕಿದ್ದೆ. ಮೂರು ಸಲವೂ ನಯವಾಗಿ ಬೇಡ ಅಂದರು. ಕೋಣೆಗೆ ಮೀನಿನ ವಾಸನೆ ಹಿಡಿದೀತು ಎಂಬ ಭಯವೋ ಏನೋ.

ಈ ಸಲ ಈಸ್ಟರ್ ಮುಗಿದ ಮೇಲಿನ ವಾರ ಅವರ ಪ್ರದರ್ಶನವಿತ್ತು. ಅದಕ್ಕೆ ಎರಡು ವಾರ ಮೊದಲು, ನನ್ನ ಪೆಟ್ಟಿಗೆಯನ್ನೂ ಇಡಿ, ನನ್ನ ಹೆಸರು ಹಾಕಿ ಎಂದು ಕೇಳಲು ಹೋದೆ. ಡಾಕ್ಟರು ಕುರ್ಚಿ ಕೊಟ್ಟು ಕೂರಿಸಿದರು. ಹಲ್ಲು ಕೀಳುವ ಮೊದಲು ಮಾತಾಡುತ್ತಾರಲ್ಲ, ಆ ದನಿಯಲ್ಲಿ, "ದೊನ್ನಾ ಕೊಸಿಮಾ, ನಾಣ್ಯ ಅನ್ನೋದು ಕಣ್ಣಿಗೆ ಸಂಬಂಧಪಟ್ಟ ವಸ್ತು. ನಿಮ್ಮ ಪೆಟ್ಟಿಗೇಲಿ ಅಸಲಿ ಎಷ್ಟು, ನಕಲಿ ಎಷ್ಟು, ನೀವೇ ಹೇಳೋಕಾಗಲ್ಲ. ಸುಮ್ನೆ ನನಗೆ ಮಾರ್ಬಿಡಿ, ಒಳ್ಳೆ ಬೆಲೆ ಕೊಡ್ತೀನಿ" ಅಂದರು.

ಮೈ ಉರಿದುಹೋಯಿತು. "ಹನ್ನೆರಡು ನಾಣ್ಯ ನನ್ನ ಮುಂದೆ ಇಡಿ ಡಾಕ್ಟ್ರೇ. ನಿಮಗೆ ಇಷ್ಟ ಬಂದಷ್ಟು ನಕಲಿ ಸೇರಿಸಿ. ಒಂದು ತಪ್ಪು ಹೇಳಿದ್ರೂ ಪೆಟ್ಟಿಗೆ ನಿಮ್ಮದು, ನೀವು ಹೇಳಿದ್ದೇ ಬೆಲೆ. ಎಲ್ಲಾ ಸರಿ ಹೇಳಿದ್ರೆ ಪ್ರದರ್ಶನದಲ್ಲಿ ನನ್ನ ಹೆಸರು, ಕೂಟದಲ್ಲಿ ನನಗೊಂದು ಕುರ್ಚಿ" ಎಂದುಬಿಟ್ಟೆ. ಅಜ್ಜನ ನಾಣ್ಯಗಳನ್ನು ಪಣಕ್ಕೆ ಇಟ್ಟೆನಲ್ಲಾ ಎಂದು ಆ ವಾರವಿಡೀ ಅನ್ನ ರುಚಿಸಲಿಲ್ಲ.

ಭಾನುವಾರ ಪೂಜೆ ಮುಗಿಸಿ ಹೋದೆ. ಒಬ್ಬಳೇ ಅಲ್ಲ. ಮಾರುಕಟ್ಟೆಯ ಹದಿನೇಳು ಹೆಂಗಸರು ಹಿಂದೆ ಬಂದರು. ನೂನ್ಸಿಯಾತಾ ಅಂತೂ ಏಪ್ರನ್ ಕೂಡ ಬಿಚ್ಚದೆ ಬಂದವಳು ಬಾಗಿಲಲ್ಲೇ, "ಏನ್ರೀ, ಕಿಟಕಿ ತೆಗೀಬೇಕಾ, ಇಲ್ಲಾ ಹಾಗೇ ಸಹಿಸ್ಕೋತೀರಾ?" ಎಂದು ಕೇಳಿದಳು. ನಿವೃತ್ತ ನೋಟರಿಯೊಬ್ಬರು ಸಾಕ್ಷಿ ಕೂತಿದ್ದರು. ಯಾವುದು ಅಸಲಿ, ಯಾವುದು ನಕಲಿ ಎಂದು ಡಾಕ್ಟರು ಮೊದಲೇ ಬರೆದ ಚೀಟಿ ಅವರ ಕೈಯಲ್ಲಿತ್ತು.

ಮೊದಲನೆಯದು ಅಸಲಿ. ಎರಡನೆಯದು ಅಸಲಿ. ಮೂರನೆಯದನ್ನು ಮುಟ್ಟುತ್ತಲೇ ನಗು ಬಂತು, ಬಚ್ಚಲಲ್ಲಿ ಸವೆದ ಸೋಪಿನ ಹಾಗೆ ಹುಡುಗನ ಮೂಗೆಲ್ಲ ನುಣ್ಣಗೆ. ಸುತ್ತಿಗೆಯ ಏಟು ತಿಂದು ಹುಟ್ಟಿದ ನಾಣ್ಯದಲ್ಲಿ ಚಿತ್ರ ಮೈಯಿಂದ ಥಟ್ಟನೆ ಎದ್ದು ನಿಂತಿರುತ್ತದೆ, ಎರಕ ಹೊಯ್ದದ್ದರಲ್ಲಿ ಹಾಗೆ ನಿಲ್ಲುವುದಿಲ್ಲ. ನಕಲಿ ಅಂದೆ. ಆರನೆಯದರ ಅಂಚಿನಲ್ಲಿ ಅರದ ಗುರುತು, ಅದೂ ನಕಲಿ. ಎಂಟನೆಯದನ್ನು ನೆಲದ ಅಮೃತಶಿಲೆಯ ಮೇಲೆ ಬೀಳಿಸಿದೆ, ಸದ್ದು ಸತ್ತಿತ್ತು, ನಕಲಿ. ಪ್ರತಿ ಸಲ ನೋಟರಿ ಚೀಟಿ ನೋಡಿ "ಸರಿ" ಅನ್ನುತ್ತಿದ್ದರು. ಡಾಕ್ಟರ ಉಸಿರು ದಪ್ಪವಾಗುತ್ತಿತ್ತು, ನನ್ನ ಹೆಂಗಸರ ಪಿಸುಮಾತು ಜೋರಾಗುತ್ತಿತ್ತು.

ಒಂಬತ್ತನೆಯದು ಕೈಗೆ ಬಂತು. ಬೆಚ್ಚಗಿತ್ತು, ಯಾರದೋ ಜೇಬಿನಿಂದ ಆಗತಾನೆ ತೆಗೆದದ್ದು. ಹುಡುಗನ ಕೈಯಲ್ಲಿ ತ್ರಿಶೂಲ, ಮಂಡಿಯ ಹತ್ತಿರ ಸಾಸಿವೆಯಷ್ಟು ಹಳ್ಳ. ತಿರುಗಿಸಿದೆ. ಕುದುರೆಯ ಹೊಟ್ಟೆಯ ಕೆಳಗೆ ಹೋದ ಬೆರಳು ಅಲ್ಲೇ ನಿಂತಿತು.

ಅಲ್ಲಿ ಸಣ್ಣ ಸಣ್ಣ ಅಲೆಯ ಗೆರೆಗಳಿದ್ದವು, ಒಂದರ ಪಕ್ಕ ಒಂದು, ಉಗುರಿಗೆ ಮಾತ್ರ ಸಿಗುವಷ್ಟು. ಆ ಗೆರೆ ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಮಸಿ ಕಾರುವ ಬೊಂಡಾಸ್ ಮೀನಿನ ಬೆನ್ನೊಳಗೆ ಬಿಳಿ ಓಡು ಇರುತ್ತದಲ್ಲ, ಅದರ ಗೆರೆ. ದಿನಕ್ಕೆ ಐವತ್ತು ಕಿತ್ತು ಎಸೆದ ಕೈ ಇದು. ಮೆತ್ತನೆಯ ಆ ಓಡಿನಲ್ಲಿ ನಾಣ್ಯವನ್ನು ಒತ್ತಿ, ಅಚ್ಚು ತೆಗೆದು, ಬೆಳ್ಳಿ ಹೊಯ್ಯುವವರಲ್ಲಿ ನಾನು ಒಬ್ಬನನ್ನೇ ಬಲ್ಲೆ, ಎಜಿದಿಯೋ. ಅವನಿಗೆ ಓಡು ತಂದುಕೊಡುತ್ತಿದ್ದವಳೂ ನಾನೇ, ಪಂಜರದ ಹಕ್ಕಿಗೆ ಕುಕ್ಕಲು ಬೇಕು ಅಂದಿದ್ದೆ ನೀನು. ಅಷ್ಟೂ ಓಡು ತಿಂದಿದ್ದರೆ ಆ ಹಕ್ಕಿ ಕೋಳಿಯಾಗಿರುತ್ತಿತ್ತು.

"ನಕಲಿ" ಅಂದೆ. ಕೋಣೆಯ ತುಂಬ ನಗು. ಡಾಕ್ಟರು ಮೇಜು ಗುದ್ದಿದರು. "ಮುಗೀತು! ಇದು ನಂದೇ ನಾಣ್ಯ. ಒಂಬತ್ತು ವರ್ಷದಿಂದ ಈ ಜೇಬಲ್ಲಿ ಇಟ್ಕೊಂಡಿದೀನಿ. ನಂಬಿಕಸ್ಥನ ಹತ್ರ ಕೊಂಡಿದ್ದು!" ನೋಟರಿ ಕೂಡ "ಚೀಟೀಲಿ ಅಸಲಿ ಅಂತ ಇದೆಯಲ್ಲಮ್ಮಾ" ಎಂದು ಮರುಗಿದರು.

ಬೊಂಡಾಸಿನ ಗೆರೆಯ ಮಾತು ಹೇಳಿದೆ. ಯಾರೂ ನಂಬಲಿಲ್ಲ, ಹಳೆಯ ಬೆಳ್ಳಿಯಲ್ಲಿ ಗೆರೆ ಸಾಮಾನ್ಯ ಅಂದರು. ಅದು ನಿಜವೆಂದು ತೋರಿಸಲು ನನ್ನ ಹತ್ತಿರ ಒಂದೇ ದಾರಿ ಇತ್ತು, ಅದು ನನ್ನದೇ ಪೆಟ್ಟಿಗೆಯ ಹದಿನೇಳನೆಯ ಗುಳಿಯಲ್ಲಿತ್ತು. ಅದನ್ನು ತೆಗೆದರೆ ನನ್ನ ಪೆಟ್ಟಿಗೆಯಲ್ಲೂ ನಕಲಿ ಇದೆ ಎಂದು ಎಲ್ಲರೆದುರು ಒಪ್ಪಿಕೊಂಡಂತೆ. ಡಾಕ್ಟರು ಹೇಳಿದ್ದೂ ಅದನ್ನೇ ತಾನೇ? ತೆಗೆಯದಿದ್ದರೆ ಅಜ್ಜನ ನಾಣ್ಯಗಳೆಲ್ಲ ಆ ಕ್ಷಣಕ್ಕೆ ಡಾಕ್ಟರದು. ನೂನ್ಸಿಯಾತಾ ನನ್ನ ಭುಜ ಹಿಡಿದು, "ಏನಿದ್ರೂ ಹೇಳೇ ಮಾರಾಯ್ತಿ, ನುಂಗ್ಬೇಡ" ಅಂದಳು.

ಪೆಟ್ಟಿಗೆ ತೆರೆದೆ. ಎಣಿಸಿಕೊಂಡು ಹದಿನೇಳಕ್ಕೆ ಹೋಗಿ, ಆ ನಾಣ್ಯವನ್ನು ಡಾಕ್ಟರ ನಾಣ್ಯದ ಪಕ್ಕ ಇಟ್ಟೆ. "ಇದೂ ನಕಲಿ. ನನ್ನದೇ. ಒಂಬತ್ತು ವರ್ಷದಿಂದ ಗೊತ್ತಿದೆ. ಇವೆರಡೂ ಅವಳಿ. ಸುತ್ತಿಗೇಲಿ ಹೊಡೆದ ಎರಡು ನಾಣ್ಯದ ಅಂಚು ಯಾವತ್ತೂ ಒಂದೇ ಥರ ಇರಲ್ಲ. ಮಸೂರ ಇಟ್ಟು ನೋಡಿ" ಅಂದೆ.

ನೋಟರಿ ನೋಡಿದರು. ಇನ್ನಿಬ್ಬರು ನೋಡಿದರು. ಅದೇ ಓರೆ ಅಂಚು, ಮಂಡಿಯ ಹತ್ತಿರ ಅದೇ ಸಾಸಿವೆ ಹಳ್ಳ. ನೂನ್ಸಿಯಾತಾ ಮಾರುಕಟ್ಟೆಗೆ ಓಡಿ ಬೊಂಡಾಸಿನ ಓಡು ತಂದು ಮೇಜಿಗೆ ಹಾಸಿದ್ದ ಬಟ್ಟೆಯ ಮೇಲೇ ಇಟ್ಟಳು, ಹಸಿಯಾಗಿ. ಗೆರೆಗೆ ಗೆರೆ ಹೊಂದಿತು. ಆಮೇಲೆ ನೋಟರಿ ಚೀಟಿಯ ಮೇಲೆ ಪೆನ್ನು ಗೀಚಿದ ಸದ್ದು ಕೇಳಿಸಿತು. "ಒಂಬತ್ತನೇದು ನಕಲಿ. ತಪ್ಪಿರೋದು ಚೀಟಿ."

ಉಳಿದ ಮೂರನ್ನು ನಿಂತುಕೊಂಡೇ ಹೇಳಿ ಮುಗಿಸಿದೆ. ಮೂರೂ ಅಸಲಿ, ಮೂರೂ ಸರಿ! ನನ್ನ ಹೆಂಗಸರು ಮೀನು ಹರಾಜಿನಲ್ಲಿ ಕೂಗುವ ಹಾಗೆ ಕೂಗಿದರು, ಕೆಳಗಿನ ಕಾಫಿ ಅಂಗಡಿಯವನು ಯಾರೋ ಸತ್ತರೆಂದು ಮೇಲೆ ಓಡಿಬಂದ. ನಾನು ಅತ್ತೆ. ಎಷ್ಟು ವರ್ಷದ ಮೇಲೆ ಖುಷಿಗೆ ಅತ್ತೆನೋ ಗೊತ್ತಿಲ್ಲ. ಡಾಕ್ಟರು ಎದ್ದು ಬಂದು ನನ್ನ ಕೈ ಹಿಡಿದು, "ನಿಮ್ಮ ಕುರ್ಚಿ, ದೊನ್ನಾ ಕೊಸಿಮಾ" ಎಂದು ತಮ್ಮ ಪಕ್ಕದಲ್ಲೇ ಕೂರಿಸಿದರು. ಅವರ ದನಿ ಮೆತ್ತಗಾಗಿತ್ತು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಸ್ವಲ್ಪ ಪ್ರೀತಿಯೇ ಬಂತು.

ಪ್ರದರ್ಶನ ಎಂಟು ದಿನ ನಡೆಯಿತು. ಬಾಗಿಲ ಎದುರಿಗೇ ನನ್ನ ಪೆಟ್ಟಿಗೆ. "ಕೊಸಿಮಾ ಫನೇಲಿ, ಚಿಪ್ಪುಮೀನು ವ್ಯಾಪಾರಿ, ಇವರ ಸಂಗ್ರಹ" ಎಂದು ಚೀಟಿ. ಶಾಲೆಯ ಮಕ್ಕಳು ಅದನ್ನು ಗಟ್ಟಿಯಾಗಿ ಓದುವುದನ್ನು ಪಕ್ಕದಲ್ಲಿ ನಿಂತು ದಿನಕ್ಕೆ ನೂರು ಸಲ ಕೇಳಿದೆ. ಹದಿನೇಳನೆಯ ಗುಳಿಯ ಕೆಳಗೆ "ನಕಲಿ" ಎಂದು ನಾನೇ ಬರೆಸಿ ಹಾಕಿಸಿದೆ. ಜನ ಹೆಚ್ಚು ಹೊತ್ತು ನಿಂತು ನೋಡಿದ್ದು ಅದನ್ನೇ. ಕೆಲಸ ಚೆನ್ನಾಗಿದೆಯಂತೆ, ನಿನಗೆ ತಿಳಿದಿರಲಿ.

ಯಾರು ಮಾಡಿದ್ದು ಎಂದು ಅಂದು ಎಲ್ಲರೂ ಕೇಳಿದರು. "ಯಾರೋ ಎರಕದವನು" ಅಂದೆ, ಅಷ್ಟೇ. ಅಸಲಿಯನ್ನು ಒಯ್ದು ಅದರ ಗುಳಿಯಲ್ಲಿ ನಕಲಿ ಇಟ್ಟದ್ದು ನೀನು ಹೋದ ವಾರವೇ ನನಗೆ ಗೊತ್ತಾಗಿತ್ತು. ಠಾಣೆಗೆ ಹೋಗಲೆಂದು ಚಪ್ಪಲಿ ಮೆಟ್ಟಿ ಬಾಗಿಲವರೆಗೂ ಹೋಗಿ ವಾಪಸು ಬಂದೆ. ಅವಮಾನವಾಗಿತ್ತು, ಅದು ಒಂದು. ಇನ್ನೊಂದು, ಎಂದಾದರೂ ಬಂದು ನೀನೇ ಹೇಳುತ್ತೀಯ ಎಂದು ಕಾದೆ. ಮೊದಲ ವರ್ಷ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಚಾಕು ಕೆಳಗಿಟ್ಟು ಕಿವಿ ಕೊಡುತ್ತಿದ್ದೆ. ಈಗ ಹಾಗಿಲ್ಲ. ನಿನ್ನ ಮೇಲೆ ಸಿಟ್ಟೂ ಉಳಿದಿಲ್ಲ, ನಿನಗಾಗಿ ಕಾಯುವುದೂ ಉಳಿದಿಲ್ಲ, ಇದನ್ನು ಹೇಳುವಾಗ ಎಷ್ಟು ಹಗುರವಾಗಿದೆ ಗೊತ್ತಾ.

ಆದರೆ ಅಸಲಿ ಹದಿನೇಳು ನನ್ನ ಅಜ್ಜನದು. ಅವನು ತೋಡಿದ ಮೊದಲ ನಾಣ್ಯ. ಗಡಿಯಾರದ ಸರಪಳಿಗೆ ಕಟ್ಟಿಕೊಂಡು ಓಡಾಡುತ್ತೀಯ ಎಂದು ಅಸುಂತಾ ಹೇಳಿದಳು. ಕಟ್ಟಿಕೊಂಡದ್ದು ಸಾಕು. ಬಿಚ್ಚಿ ಕಳಿಸು. ನೀನು ಬರಬೇಕಾಗಿಲ್ಲ, ನಾಣ್ಯ ಬಂದರೆ ಸಾಕು.

ಗೆದ್ದವಳು,
ಕೊಸಿಮಾ

ಮರೆತ ಮಾತು: ಅಕ್ಷರ ಓದಲು ಕಷ್ಟವಾದರೆ ನನ್ನನ್ನು ಬೈಯಬೇಡ, ಡಾಕ್ಟರುಗಳ ಅಕ್ಷರವೇ ಹೀಗೆ. ಹೌದು, ಇಷ್ಟನ್ನೂ ಬರೆದವರು ಡಾಕ್ಟರ್ ಸೆಮೆರಾರೊ. ಸೋತದ್ದಕ್ಕೆ ಕುರ್ಚಿಯ ಜೊತೆಗೆ ನಾನು ಕೇಳಿದ ದಂಡ ಇದೊಂದೇ, ಹೇಳಿದ್ದನ್ನು ಒಂದಕ್ಷರ ಬಿಡದೆ ಒಂದು ಪತ್ರ ಬರೆದುಕೊಡಬೇಕು. ಹೊಟ್ಟೆಯ ಮಾತು ಬಂದಾಗ ಕೆಮ್ಮಿದರು, ಆದರೂ ಬರೆದರು. ಓಡು ತಂದುಕೊಟ್ಟದ್ದು ಯಾರಿಗೆ ಎಂದು ಹೇಳಿದಾಗ ಮಾತ್ರ ಪೆನ್ನು ಬಹಳ ಹೊತ್ತು ನಿಂತಿತ್ತು, ಅವರಿಗೆ ನಾಣ್ಯ ಮಾರಿದ ನಂಬಿಕಸ್ಥ ನೀನೇ ತಾನೇ. ಮೇ ಹತ್ತಕ್ಕೆ ಸಂತ ಕತಾಲ್ದೊ ಹಬ್ಬ. ಅಷ್ಟರೊಳಗೆ ನಾಣ್ಯ ಬಂದರೆ ತಾವು ಸುಮ್ಮನಿರುವುದಾಗಿ ಹೇಳುತ್ತಿದ್ದಾರೆ. ಬರದಿದ್ದರೆ ಇನ್ನೊಂದು ಪತ್ರ ಬರೆಯುತ್ತಾರಂತೆ. ಅದನ್ನು ನಾನು ಹೇಳಿ ಬರೆಸಬೇಕಾಗಿಲ್ಲ, ಅದರ ಮೇಲಿನ ವಿಳಾಸವೂ ನಿನ್ನದಲ್ಲ, ಪೊಲೀಸ್ ಠಾಣೆಯದು.